ಏಜೆಂಟನಿಲ್ಲದೆ ವಿಯೆಟ್ನಾಮಿಗೆ

ನಮ್ಮ ಮನೆಯಲ್ಲಿ ಯಾವ ಕೆಲಸ ಶುರುವಾದರೂ ನಾಲ್ಕು ಜನ ನಗುವಂಥದ್ದು ಏನಾದರೂ ಆಗಿಯೇ ಆಗುತ್ತದೆ. ಹೊಸ ಮಿಕ್ಸಿ ತಂದರೂ ಆಗುತ್ತದೆ, ಬೆಕ್ಕು ಮರಿ ಹಾಕಿದರೂ ಆಗುತ್ತದೆ. ಹಾಗಿರುವಾಗ ವಿದೇಶಕ್ಕೆ ಹೊರಟಾಗ ಆಗದೆ ಇದ್ದೀತೇ?

ನಾವೆಂದರೆ ಮೂರು ಜನ. ನಾನು ಕುಂದಾಪುರದ ಒಂದು ಸೊಸೈಟಿಯಲ್ಲಿ ಗುಮಾಸ್ತೆ. ನಮ್ಮವರು ಫ್ರಿಜ್ಜು ರಿಪೇರಿ ಮಾಡುವವರು. ಕೋಡಿಯ ನಮ್ಮ ಮನೆಗೆ ಯಜಮಾನಿ ಅತ್ತೆ. ನಲವತ್ತು ವರ್ಷ ಮೀನು ಮಾರಿ, ಹೋದ ವರ್ಷ ಬುಟ್ಟಿ ಕೆಳಗಿಟ್ಟವರು. ಇಟ್ಟ ವಾರದಲ್ಲೇ ಹೇಳಿದರು: "ಈಚೆ ದಡ ಎಪ್ಪತ್ತ್ ವರ್ಷ ಕಂಡೆ. ಕಣ್ಣ್ ಮುಚ್ಚುದ್ರೊಳ್ಗೆ ಆಚೆ ದಡ ಒಂದ್ಸಲ ಕಾಣ್ಕ್."

ಜೀವಮಾನದಲ್ಲಿ ತನಗಾಗಿ ಒಂದು ಸೀರೆ ಕೇಳದವರು. ಇಲ್ಲ ಅನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ.

ದೇಶ ಆರಿಸಿದ್ದು

ಟೂರಿನ ಏಜೆಂಟ್ ಹೇಳಿದ ರೇಟು ಕೇಳಿ ನಮ್ಮವರು ಅವನ ಆಫೀಸಿನಲ್ಲೇ ಎರಡು ಲೋಟ ನೀರು ಕುಡಿದರು. ಹೊರಗೆ ಬಂದವರೇ, "ನಾವೇ ಮಾಡಿಕೊಳ್ಳುವ. ಮೊಬೈಲಿದೆ, ಇಂಟರ್ನೆಟ್ಟಿದೆ, ಇನ್ನೇನು ಬೇಕು?" ಎಂದರು.

"ತಲೆ?" ಎಂದೆ. ಕೇಳಿಸಲಿಲ್ಲ ಎಂಬಂತೆ ಸ್ಕೂಟರ್ ಸ್ಟಾರ್ಟ್ ಮಾಡಿದರು.

ಅವರಿಗೆ ಸ್ವಿಟ್ಜರ್ಲೆಂಡಿನ ಆಸೆ. ಮೊಬೈಲಿನಲ್ಲಿ ಹಿಮದ ಬೆಟ್ಟ, ಹಸುರು ಗುಡ್ಡ, ಗಂಟೆ ಕಟ್ಟಿದ ದನ ಎಲ್ಲ ತೋರಿಸಿದರು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು.

"ಅಲ್ಲ್ ಸಮುದ್ರ ಎಲ್ಲಿತ್ತ್?"

"ಸಮುದ್ರ ಇಲ್ಲೆ ಅಮ್ಮ, ಬರೀ ಗುಡ್ಡ."

"ಹಂಗಾರೆ ಮೀನ್?"

"ಹೊರಗಿಂದ ತರಿಸ್ತ್ರ್ ಕಾಂತ್."

ಅತ್ತೆ ಮೊಬೈಲು ವಾಪಸು ಕೊಟ್ಟರು. "ಐಸ್ ಹಾಕಿದ್ ಮೀನ್ ತಿಂಬುಕೆ ಅಷ್ಟ್ ದೂರ ಹೋಯ್ಕಾ? ನಿನ್ ಫ್ರಿಜ್ಜೊಳ್ಗೇ ಇತ್ತಲ್ಲ!"

ಹೀಗೆ ಸ್ವಿಟ್ಜರ್ಲೆಂಡು ಫ್ರಿಜ್ಜಿನ ಮುಂದೆ ಸೋತು, ಸಮುದ್ರ, ಅನ್ನ, ಮೀನು ಮೂರೂ ಇರುವ, ನಮ್ಮ ಕೈಗೂ ಎಟಕುವ ವಿಯೆಟ್ನಾಮು ಗೆದ್ದಿತು.

ಪೊಲೀಸ್ ಬಂದದ್ದು

ಅತ್ತೆಯ ಪಾಸ್‌ಪೋರ್ಟಿನ ವಿಚಾರಣೆಗೆ ಒಬ್ಬರು ಪೊಲೀಸರು ಬಂದರು. ನಾವಿಬ್ಬರೂ ಕೆಲಸಕ್ಕೆ ಹೋಗಿದ್ದೆವು. ಅತ್ತೆ ಹಿತ್ತಿಲಲ್ಲಿ ಮೀನು ಹೆಚ್ಚುತ್ತಿದ್ದರು. ಪೊಲೀಸರು ಮೊದಲು ಪಕ್ಕದ ಮನೆಯ ಅಕ್ಕನಲ್ಲಿ, "ಈ ಹೆಸರಿನವರು ಇಲ್ಲೇ ಇರುವುದಾ?" ಎಂದು ಕೇಳಿದರು.

ಪಕ್ಕದ ಮನೆಯ ಅಕ್ಕ ಅತ್ತೆಗಾಗಿ ಜೀವ ಕೊಡುವವಳು. ಖಾಕಿ ಕಂಡದ್ದೇ, ಅತ್ತೆ ಏನೋ ಎಡವಟ್ಟು ಮಾಡಿಕೊಂಡಿದ್ದಾರೆ ಎಂದುಕೊಂಡಳು.

"ಅಂಥವ್ರ್ ಇಲ್ಲ್ ಯಾರೂ ಇಲ್ಲೆ ಸಾರ್," ಎಂದಳು. ಸಾಲದು ಎನ್ನಿಸಿತೇನೋ. "ಮುಂಚೆ ಇದ್ದಿರ್. ಈಗ ಇಲ್ಲೆ," ಎಂದು ಸೆರಗಿನಿಂದ ಕಣ್ಣೂ ಒರೆಸಿಕೊಂಡಳು.

ಪೊಲೀಸರು ಪಾಪ, "ಅಯ್ಯೋ, ಯಾವಾಗ ಹೋದದ್ದು?" ಎನ್ನುತ್ತ ಕಾಗದದಲ್ಲಿ ಬರೆಯಲು ಪೆನ್ನು ತೆಗೆದರು. ಅಷ್ಟರಲ್ಲಿ ಹಿತ್ತಿಲಿಂದ ಎಲ್ಲ ಕೇಳಿಸಿಕೊಂಡ ಅತ್ತೆಗೆ, ತನ್ನ ಪಾಸ್‌ಪೋರ್ಟು ಕೈತಪ್ಪುತ್ತಿದೆ ಎಂದು ಹೊಳೆಯಿತು. ಹೇಗಿದ್ದರೋ ಹಾಗೇ ಓಡಿ ಬಂದರು. ಸೊಂಟಕ್ಕೆ ಸಿಕ್ಕಿಸಿದ ಸೆರಗು, ರಕ್ತದ ಕೈ, ಕೈಯಲ್ಲಿ ಒಂದು ಮೊಳದ ಕತ್ತಿ.

"ಹ್ವಾಯ್, ಬರಿಬೇಡಿ! ನಾನ್ ಇದ್ದೆ! ಬದ್ಕಿಯೇ ಇದ್ದೆ!"

ಪೊಲೀಸರು ಎರಡು ಹೆಜ್ಜೆ ಹಿಂದೆ ಸರಿದು, ಕಾಗದವನ್ನು ಎದೆಗೆ ಅಡ್ಡ ಹಿಡಿದುಕೊಂಡು, ನಿಯಮದ ಪ್ರಶ್ನೆ ಕೇಳಿದರು: "ಅಮ್ಮ, ನಿಮ್ಮ ಮೇಲೆ ಕ್ರಿಮಿನಲ್ ಕೇಸು ಏನಾದರೂ ಇದೆಯಾ?"

ಅತ್ತೆ ಪಕ್ಕದ ಮನೆಯವಳನ್ನು ಒಮ್ಮೆ ದುರುಗುಟ್ಟಿ ನೋಡಿದರು. "ಈಗಿನ್ ವರೆಗೆ ಇಲ್ಲೆ ಸಾರ್."

ಎಂಟು ಮಂಚದ ಕೋಣೆ

ಒಂದು ಭಾನುವಾರ ನಮ್ಮವರು ಗೆದ್ದ ಮುಖದಲ್ಲಿ ಅಡುಗೆಮನೆಗೆ ಬಂದರು. "ಕಾಣ್, ಮೂರು ಜನಕ್ಕೆ ಎಂಟು ಮಂಚದ ರೂಮು! ಲಾಡ್ಜಿನ ಅರ್ಧ ರೇಟಿಗೆ! ಬುಕ್ ಮಾಡಿಯೇ ಬಿಟ್ಟೆ."

ನಾನು ಮೊಬೈಲು ಇಸಿದುಕೊಂಡು ಓದಿದೆ. "ಇದು ಹಾಸ್ಟೆಲ್ಲು ಮಾರಾಯ್ರೆ. ಉಳಿದ ಐದು ಮಂಚದಲ್ಲಿ ಬೇರೆಯವರು ಮಲಗುತ್ತಾರೆ. ಗಂಡು ಹೆಣ್ಣು ಎಲ್ಲ ಒಟ್ಟಿಗೇ. ಪಾರ್ಟಿ ಮಾಡುವವರಿಗೆ ಹೇಳಿ ಮಾಡಿಸಿದ ಜಾಗ ಎಂದು ಬರೆದಿದ್ದಾರೆ."

ನಮ್ಮವರ ಮುಖ ಇಳಿಯಿತು. ಅತ್ತೆಯ ಮುಖ ಅರಳಿತು. "ಪಾರ್ಟಿಯಾ? ಹಂಗಾರೆ ಊಟ ಅವ್ರದ್ದೇ!"

ರದ್ದು ಮಾಡಿ ಬೇರೆ ಕೋಣೆ ಹಿಡಿದೆವು. ತಪ್ಪಿಹೋದ ಆ ಊಟದ ಬೇಸರ ಅತ್ತೆಗೆ ಈಗಲೂ ಇದೆ.

ತೂಕ ಇಳಿಸಿದ್ದು

ಅಗ್ಗದ ವಿಮಾನ, ಒಬ್ಬೊಬ್ಬರಿಗೆ ಏಳೇ ಕಿಲೋ. ಅತ್ತೆಯ ಮೀನಿನ ತಕ್ಕಡಿಯಲ್ಲಿ ನಮ್ಮವರ ಬ್ಯಾಗು ತೂಗಿದರೆ ಹತ್ತೂವರೆ ಬಂತು. ಹೆಚ್ಚಿನ ಬಟ್ಟೆಯನ್ನು ಮೈಮೇಲೆ ಹಾಕಿಕೊಂಡರೆ ಯಾರೂ ತೂಗುವುದಿಲ್ಲ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಇವರು ನೋಡಿದ್ದರು. ಅಭ್ಯಾಸ ಆಗಲಿ ಎಂದು ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಎರಡು ಪ್ಯಾಂಟು, ನಾಲ್ಕು ಅಂಗಿ, ಮೇಲೊಂದು ಜಾಕೆಟ್ಟು ತೊಟ್ಟು ಪೇಟೆಗೆ ನಡೆದರು. ನಾನು ಹತ್ತು ಹೆಜ್ಜೆ ಹಿಂದೆ, ಪರಿಚಯ ಇಲ್ಲದವಳ ಹಾಗೆ.

ಸೋಡಾ ಅಂಗಡಿಯವರು ಕೂಗಿ ನಿಲ್ಲಿಸಿದರು. "ಎಂತ ಮರ್ರೆ, ಚಳಿಜ್ವರವಾ?"

"ಅಲ್ಲ, ಫಾರಿನ್ನಿಗೆ ಹೋಪುದಿತ್ತ್. ಅಭ್ಯಾಸ."

"ಹೌದಾ! ಅಲ್ಲ್ ಭಾರೀ ಚಳಿಯಾ?"

ನಮ್ಮವರು ಬೆವರು ಒರೆಸಿಕೊಂಡು ಪ್ರಾಮಾಣಿಕವಾಗಿ ಹೇಳಿದರು. "ಚಳಿ ಇಲ್ಲೆ. ಇಲ್ಲಿಗಿಂತ ಸೆಕೆ."

ಆಚೆ ದಡದಲ್ಲಿ

ಅಂತೂ ಮುಟ್ಟಿದೆವು. ಎರಡನೆಯ ಬೆಳಿಗ್ಗೆಯೇ ಅತ್ತೆ ನಮ್ಮನ್ನು ಮೀನು ಮಾರ್ಕೆಟ್ಟಿಗೆ ಹೊರಡಿಸಿದರು. ಒಬ್ಬ ಹೆಂಗಸಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮೀನಿನ ಕಿವಿರು ಎತ್ತಿ ನೋಡಿ, ಮೂಗು ಮುರಿದರು. ಆ ಹೆಂಗಸು ಏನೋ ಬೈದಳು. ಅತ್ತೆ ಕುಂದಾಪ್ರ ಕನ್ನಡದಲ್ಲೇ ತಿರುಗಿ ಬೈದರು. ಐದು ನಿಮಿಷದಲ್ಲಿ ಇಬ್ಬರೂ ಒಬ್ಬರ ತೊಡೆಗೆ ಒಬ್ಬರು ಹೊಡೆದುಕೊಂಡು ನಗುತ್ತಿದ್ದರು. ನಮ್ಮವರು ಅನುವಾದಕ್ಕೆಂದು ಚಾರ್ಜು ಮಾಡಿ ತಂದ ಮೊಬೈಲು ಜೇಬಿನಲ್ಲೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಆ ಹೆಂಗಸು ಹೊಟ್ಟೆ ಮುಟ್ಟಿ ತೋರಿಸಿ, ತಿಂಡಿ ತಿಂದು ಬರುತ್ತೇನೆ ಎಂಬಂತೆ ಸನ್ನೆ ಮಾಡಿದಳು. ಮಳೆ ಹನಿಯುತ್ತಿತ್ತು. ತನ್ನ ಚೂಪು ಟೋಪಿಯನ್ನು ಅತ್ತೆಯ ತಲೆಗಿಟ್ಟು, ರೇನ್‌ಕೋಟು ಹೊದೆಸಿ, ಮಣೆಯ ಮೇಲೆ ಕೂರಿಸಿ ಹೋದಳು. ಅತ್ತೆ ಬೆರಳು ಮಡಚಿ ಬಿಚ್ಚಿ ಬೆಲೆ ಹೇಳುತ್ತ ಇಬ್ಬರಿಗೆ ಮೀನು ಮಾರಿಯೂ ಬಿಟ್ಟರು. ಅಷ್ಟು ಬೆಳಗಿದ ಅವರ ಮುಖವನ್ನು ನಾನು ನೋಡಿರಲಿಲ್ಲ.

ಆಗ ಬೆಂಗಳೂರಿನ ಕಡೆಯವರಂತೆ ಕಂಡ ಗಂಡ ಹೆಂಡತಿ ಬಂದು ಅತ್ತೆಯ ಫೋಟೋ ಹೊಡೆದುಕೊಂಡರು. ಹೆಂಡತಿ ಗಂಡನಿಗೆ ಮರುಕದಿಂದ ಹೇಳಿದಳು: "ಪಾಪ ರೀ, ಈ ವಯಸ್ಸಲ್ಲೂ ಮಳೇಲಿ ಕೂತು ದುಡೀತಿದಾರೆ. ಇಂಥವ್ರು ಜನ್ಮದಲ್ಲಿ ಈ ಮಾರ್ಕೆಟ್ ಬಿಟ್ಟು ಬೇರೆ ಊರು ನೋಡಿರ್ತಾರಾ?"

ಅತ್ತೆ ಟೋಪಿ ಮೇಲೆತ್ತಿದರು.

"ಹ್ವಾಯ್! ನಾನ್ ಫಾರಿನ್ ಟೂರಿಗ್ ಬಂದದ್ದ್ ಮರ್ರೆ! ಮೀನ್ ಬೇಕಾ ಬ್ಯಾಡ್ದಾ ಹೇಳಿ, ಹಿಂದೆ ಗಿರಾಕಿ ನಿಂತಿದ್ರ್!"