ಆರು ಬಿಳಿ ಬಟ್ಟೆ, ಒಂದು ಸಫಾರಿ

ನನ್ನ ಕಂದು ಸಫಾರಿಯ ಮೇಲೆ ಜನಕ್ಕೆ ಯಾಕಿಷ್ಟು ಹಗೆಯೋ ನಾನರಿಯೆ. ಖಾನಾಪುರದ ದರ್ಜಿ ಮದಾರಸಾಬ ಹದಿನೆಂಟು ವರ್ಷಗಳ ಹಿಂದೆ ಹೊಲಿದುಕೊಟ್ಟದ್ದು. ನಾಲ್ಕು ಕಿಸೆ. ಒಂದರಲ್ಲಿ ಸೀಮೆಸುಣ್ಣ, ಒಂದರಲ್ಲಿ ಕನ್ನಡಕ, ಒಂದರಲ್ಲಿ ಬಸ್ಸಿನ ಪಾಸು, ನಾಲ್ಕನೆಯದರಲ್ಲಿ ಅಳುವ ಮಕ್ಕಳಿಗೆಂದು ಪೆಪ್ಪರಮಿಂಟು. ಆ ಸಫಾರಿ ಓಣಿಯ ತುದಿಯಲ್ಲಿ ಕಂಡರೆ ಸಾಕು, ನಮ್ಮ ಇಡೀ ಶಾಲೆ ಗಪ್ಪಾಗುತ್ತಿತ್ತು.

ಆದರೆ ಮಗಳು ಸಮೃದ್ಧಿಯ ಮದುವೆಯಲ್ಲಿ ಅನಾಹುತವಾಯಿತು. ಮುಂಬೈಯಿಂದ ಬಂದಿದ್ದ ಬೀಗರ ಕಡೆಯವರೊಬ್ಬರು ನನ್ನ ಹೆಗಲು ತಟ್ಟಿ, “ಡ್ರೈವರ್ ಸಾಹೇಬ್ರ, ಬಸ್ ಎಷ್ಟಕ್ಕ ಬಿಡ್ತೀರಿ?” ಎಂದು ಕೇಳಿದರು. ಮಗಳು ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ನಾನು ಮರೆತುಬಿಡುತ್ತಿದ್ದೆ.

ಈಗ ಮೊಮ್ಮಗನ ಮೊದಲ ಹುಟ್ಟುಹಬ್ಬ, ಮುಂಬೈಯ ದೊಡ್ಡ ಹೋಟೆಲಿನಲ್ಲಿ. ಬೀಗರೆಲ್ಲ ಮತ್ತೆ ಅಲ್ಲಿ ನೆರೆಯುವವರೇ. ಮಗಳು ಫೋನು ಮಾಡಿದಳು.

“ಅಪ್ಪಾ, ಇಲ್ಲೆ ಸೆಕಿ ಭಾಳ, ನಿಂತಲ್ಲೇ ಬೆವರ ಇಳೀತದ. ಅದರಾಗ ಎಲ್ಲಾರೂ ಫ್ಯಾಷನ್ ಮಂದಿ. ನಿನಗ ಕಪಾಟಿನ್ಯಾಗ ಒಂದ ಖಾನಾ ಬಿಟ್ಟೇನಿ. ಕ್ಯಾಪ್ಸೂಲ್ ವಾರ್ಡ್‌ರೋಬ್ ಮಾಡ್ಕೊಂಡ ಬಾ.”

ಕ್ಯಾಪ್ಸೂಲ್ ಎಂದೊಡನೆ ನಾನು ನೀರಿನ ಲೋಟ ಹುಡುಕಿದೆ. ಅವಳು ಬಿಡಿಸಿ ಹೇಳಿದಳು: ಬಟ್ಟೆ ಕೆಲವೇ ಇರಬೇಕು, ತೆಳುವಾದ ಹತ್ತಿಯವಾಗಿರಬೇಕು, ಯಾವ ಅಂಗಿಗೆ ಯಾವ ಪ್ಯಾಂಟು ತೊಟ್ಟರೂ ಹೊಂದಬೇಕು. ನನಗೆ ತಟ್ಟನೆ ತಿಳಿಯಿತು. ಯಾವ ನಾಮಪದಕ್ಕಾದರೂ ವಿಭಕ್ತಿ ಪ್ರತ್ಯಯಗಳು ಹತ್ತುತ್ತವಲ್ಲ, ಹಾಗೆ! ನಾಲ್ಕು ಅಂಗಿ, ಎರಡು ಪ್ಯಾಂಟು. ಎಂಟು ದಿನಕ್ಕೆ ಎಂಟು ವೇಷ. ಶಾಲೆಯ ವೇಳಾಪತ್ರಿಕೆಯಂತೆ ಕೋಷ್ಟಕ ಬರೆದು ಫ್ರಿಜ್ಜಿಗೆ ಅಂಟಿಸಿದೆ.

“ಸೋಮವಾರ ಎರಡನೇ ಅಂಗಿ, ಒಂದನೇ ಪ್ಯಾಂಟು,” ಎಂದು ನನ್ನ ಹೆಂಡತಿ ನಾಗರತ್ನಾ ಗಟ್ಟಿಯಾಗಿ ಓದಿದಳು. “ಊಟದ ಸೂಟಿ ಎಷ್ಟಕ್ಕ ಐತ್ರಿ?”

(ವಿಜ್ಞಾನವನ್ನು ಮೊದಲು ಹೀಗೆಯೇ ಹಾಸ್ಯ ಮಾಡುತ್ತಾರೆ.)

ನಮ್ಮ ಮನೆಯಿರುವ ರಾಮತೀರ್ಥ ನಗರದಿಂದ ಎರಡು ಬಸ್ಸು ಬದಲಿಸಿ ಖಾನಾಪುರಕ್ಕೆ, ಮದಾರಸಾಬನ ಅಂಗಡಿಗೇ ಹೋದೆ.

“ಎಲ್ಲಾ ಬಿಳೀನ ಏನ್ರೀ ಸರ್? ಸುಣ್ಣದ ಡಬ್ಬ್ಯಾಗ ಬಿದ್ದ ಎದ್ದಂಗ ಕಾಣ್ತೀರಿ. ಕಿಸೆ ನಾಲ್ಕ ಇಡ್ಲೇನ್ರಿ?”

“ಒಂದ ಸಾಕು, ಮದಾರಸಾಬ.”

ಅವನು ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದ. “ಆರಾಮ ಅದೀರಿಲ್ರೀ?”

ಹೊರಡುವ ಹಿಂದಿನ ದಿನ ಬಟ್ಟೆ ಬಂದವು. ಬೆಳ್ಳಕ್ಕಿಯಂಥ ಆರು ಬಟ್ಟೆ! ಆ ಕ್ಷಣದಲ್ಲಿ ನನಗೆ ವೈರಾಗ್ಯ ಉಂಟಾಯಿತು. “ಸಫಾರಿ ಸಹಿತ ನನ್ನ ಹಳೇವೆಲ್ಲಾ ತಗದ ಕಾಡವ್ವಗ ಕೊಟ್ಟಬಿಡು,” ಎಂದು ಅಪ್ಪಣೆ ಮಾಡಿದೆ. ಕಾಡವ್ವ ನಮ್ಮ ಬಡಾವಣೆಯಲ್ಲಿ ಹಳೆ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವಳು.

ನಾಗರತ್ನಾ ಸಂತೆಗೆ ಹೋದಾಗ ನನ್ನನ್ನು ಚಿಂತೆ ಹಿಡಿಯಿತು. ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ತೊಡುವುದುಂಟೆ? ಮುಂಬೈಯಲ್ಲಿ ದಿನಕ್ಕೊಮ್ಮೆ ಅರಿಶಿನದ ಡಬ್ಬಿ ಕೇಳಿದರೆ ಬೀಗರು ನಗುವುದಿಲ್ಲವೆ? ಇಲ್ಲಿಯೇ ಮುಗಿಸಿಬಿಡೋಣವೆಂದು ಬಟ್ಟಲಲ್ಲಿ ಅರಿಶಿನ ಕಲಸಿ, ಆರಕ್ಕೂ ಧಾರಾಳವಾಗಿ ಹಚ್ಚಿ, ಮಡಿಕೆ ಹಾಕಿ, ಚೀಲದಲ್ಲಿ ಒತ್ತಿ ತುಂಬಿ ಚೈನು ಎಳೆದೆ.

ಮರುದಿನ ಮಧ್ಯಾಹ್ನ ಮಗಳು ವಿಡಿಯೊ ಕರೆ ಮಾಡಿದಳು. “ತೋರಿಸಪ್ಪಾ, ಏನೇನ ಮಾಡ್ಕೊಂಡಿ.”

ಠೀವಿಯಿಂದ ಮೊದಲನೆಯ ಅಂಗಿಯನ್ನು ಬಿಡಿಸಿದೆ. ಮಡಿಕೆಯಿಂದ ಮಡಿಕೆಗೆ ಅರಿಶಿನ ಇಳಿದು, ಎದೆಯ ಎರಡೂ ಬದಿಗೆ ಎರಡೆರಡು ಹಳದಿ ಚಿಟ್ಟೆಗಳು ಕುಳಿತಿದ್ದವು. ಎರಡನೆಯದರಲ್ಲಿ ಆರು ಚಿಟ್ಟೆ. ಪ್ಯಾಂಟಿನಲ್ಲಿ ಚಿಟ್ಟೆ ಎಲ್ಲಿ ಕುಳಿತಿತ್ತೆಂಬುದನ್ನು ನಾನು ಬರೆಯಲಾರೆ.

ಮಗಳು ನೋಡಿದಳು, ಏನೂ ಅನ್ನಲಿಲ್ಲ.

ಬಸ್ಸು ಆರೂವರೆಗೆ. ಬಚ್ಚಲಿಗೆ ಓಡಿ, ಆರನ್ನೂ ಬಕೆಟ್ಟಿನಲ್ಲಿ ಮುಳುಗಿಸಿ, ಸಾಬೂನು ಹಚ್ಚಿ ಗಸಗಸ ತಿಕ್ಕಿದೆ. ಚಿಟ್ಟೆಗಳು ರಕ್ತದಂತೆ ಕೆಂಪಾದವು! ಅರಿಶಿನದ ಕಾಗದಕ್ಕೆ ಸಾಬೂನಿನ ನೀರು ಬಿಟ್ಟರೆ ಕೆಂಪಾಗುತ್ತದೆಂದು ಖಾನಾಪುರದ ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಮಾಡಿ ತೋರಿಸಿದವನು ನಾನೇ.

ನಾಗರತ್ನಾ ಬಾಗಿಲಲ್ಲಿ ನಿಂತು ನೋಡಿದಳು. “ಒಣಾ ಅರಿಷಿಣ, ಒಳಗಿನ ಅಂಚಿಗೆ, ಸಾಸಿವಿ ಕಾಳಿನಷ್ಟ ಹಚ್ಚಬೇಕ್ರೀ. ನೀವು ಮದಿಮಗಗ ಹಚ್ಚಿದಂಗ ಹಚ್ಚೀರಲ್ಲ!”

“ನನ್ನ ಸಫಾರಿ ಎಲ್ಲಿ?”

“ನೀವ ಹೇಳಿದ್ರಲ್ಲಾ? ಮುಂಜಾನೆ ಕಾಡವ್ವಗ ಕೊಟ್ಟೆ. ಚಲೋ ಡಬ್ಬಿ ಬಂತು. ಮೊಮ್ಮಗನ ಶೇಂಗಾ ಉಂಡಿ ಅದರಾಗ ತುಂಬೇನಿ.”

ಮೈಮೇಲಿದ್ದದ್ದು ಬನಿಯನ್ನು, ಲುಂಗಿ. ಹಾಗೆಯೇ ಓಡಿದೆ. ಮೂರನೆಯ ಓಣಿಯಲ್ಲಿ ಕಾಡವ್ವ ಸಿಕ್ಕಳು. ಗಂಟಿನ ಮೇಲೆಯೇ ನನ್ನ ಸಫಾರಿ, ನಾಲ್ಕೂ ಕಿಸೆ ನನ್ನನ್ನೇ ನೋಡುತ್ತಿದ್ದವು.

“ಕಾಡವ್ವಾ, ಅದನ್ನ ವಾಪಸ್ ಕೊಡವಾ. ಬದಲಿಗೆ ಆರ ಹೊಸಾ ಬಟ್ಟಿ ಕೊಡ್ತೇನಿ.”

ಮನೆಗೆ ಬಂದು ಬಕೆಟ್ಟಿನಲ್ಲಿ ಇಣುಕಿದಳು. “ಹೋಳಿ ಹುಣ್ಣಿಮಿ ಮುಗದ ಭಾಳ ದಿನಾ ಆತಲ್ರೀ ಸರ್? ಇವನ್ನ ಯಾರ ತಗೊಂತಾರ? ನನ್ನ ಡಬ್ಬಿ ಕೊಡ್ರಿ, ನಿಮ್ಮ ಸಫಾರಿ ಒಯ್ರಿ.”

“ಒಂದ ಡಬ್ಬಿಗೆ ಒಂಬತ್ತ ಬಟ್ಟಿ ತಗೊಂಡೀಯಲ್ಲ!”

“ಬರೂವಾಗ ಒಂದ ರೇಟು, ಹೋಗೂವಾಗ ಒಂದ ರೇಟ್ರಿ.”

ಡಬ್ಬಿ ಹೋಯಿತು. ಇಸ್ತ್ರಿಯ ಬಿಸಿಯಲ್ಲಿ ಒಣಗಿಸಿದ ಎರಡನೇ ಅಂಗಿಯಲ್ಲಿ ನಾಗರತ್ನಾ ಶೇಂಗಾ ಉಂಡಿಗಳನ್ನು ಸುರಿದು, ಎರಡೂ ತೋಳನ್ನು ಎಳೆದು ಗಂಟು ಹಾಕಿದಳು. “ಇವತ್ತ ಸೋಮವಾರ. ನಿಮ್ಮ ಟೈಮ್‌ಟೇಬಲ್ ಪ್ರಕಾರನ ಆತು ನೋಡ್ರಿ.”

ಸಫಾರಿ ತೊಟ್ಟು, ಗಂಟು ಹಿಡಿದು ಬಸ್ಸಿನ ಬಳಿ ನಿಂತೆ. ಮಗಳ ಫೋನು ಬಂತು. ನಾನು ಹೆದರುತ್ತ ಎಲ್ಲವನ್ನೂ ಹೇಳಿದೆ. ಆ ಕಡೆಯಿಂದ ಬಿಕ್ಕಿದಂಥ ಸದ್ದು ಕೇಳಿತು. ಅಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು.

“ಸಫಾರಿ ಹಾಕ್ಕೊಂಡ ಬಾ ಅಪ್ಪಾ. ನಾಲ್ಕನೇ ಕಿಸೆದಾಗ ಪೆಪ್ಪರಮಿಂಟ ಇರಲಿ. ಈ ಸಲ ಯಾರರ ಏನರ ಅಂದ್ರ ನಾ ಸುಮ್ಮನಿರೂದಿಲ್ಲ.”

ಅವಳೂ ಮರೆತಿರಲಿಲ್ಲ! ನನ್ನ ಎದೆ ಒಂದು ಇಂಚು ಹಿಗ್ಗಿತು, ಸಫಾರಿಯ ಗುಂಡಿ ಬಿಗಿಯಿತು. ಇನ್ನು ಯಾವ ಬೀಗರು ಬಂದರೂ ಬರಲಿ ಎಂದು ತಲೆ ಎತ್ತಿ ನಿಂತೆ.

ಅಷ್ಟರಲ್ಲಿ ಯಾರೋ ಓಡೋಡಿ ಬಂದು ದೊಡ್ಡದೊಂದು ಪೆಟ್ಟಿಗೆಯನ್ನು ನನ್ನ ಕಾಲ ಬಳಿ ಇಟ್ಟರು. “ಡ್ರೈವರ್ ಸಾಹೇಬ್ರ, ಬಸ್ ಎಷ್ಟಕ್ಕ ಬಿಡ್ತೀರಿ?”

ನಾಗರತ್ನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಗಡಿಯಾರ ನೋಡಿದೆ.

“ಆರೂವರೆಗೆ,” ಎಂದೆ.