ಉಳಿದದ್ದು ಹೋಟೆಲಿನಲ್ಲಿ

ನಮ್ಮ ಭಾವನಿಂದ ಪುಸ್ತಕ ಒಯ್ದು ಓದಿದವರು ದಿಲ್ಲಿಯ ಸುತ್ತಮುತ್ತ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ಪುಸ್ತಕವನ್ನು ಮನೆಯಲ್ಲೇ ಕೂತು ಪೂರ್ತಿ ಓದಿ ಮುಗಿಸಿದವರು ಒಬ್ಬರಾದರೂ ಇದ್ದರೆ ನನ್ನೆದುರು ಬರಲಿ, ಕಾಲಿಗೆ ಬೀಳುತ್ತೇನೆ! ಪುಸ್ತಕ ಕೆಟ್ಟದ್ದೆಂದಲ್ಲ. ಭಾವ ಕೊಡುವುದೆಲ್ಲ ಒಳ್ಳೆಯ ಪುಸ್ತಕಗಳೇ. ಆದರೆ ಕೊಡುವ ಮೊದಲು ಬಾಳೆಲೆ ಸೀಳುವ ಚಾಕುವಿನಿಂದ ಕೊನೆಯ ಹಾಳೆಗಳನ್ನು ಕತ್ತರಿಸಿ ತೆಗೆದಿಟ್ಟುಕೊಳ್ಳುತ್ತಾರೆ. ಕಥೆ ಇನ್ನೇನು ದಡ ಸೇರಬೇಕು ಎನ್ನುವಾಗ ಪುಟದ ಅಡಿಯಲ್ಲಿ ಪೆನ್ಸಿಲ್ಲಿನ ಅಕ್ಷರ ಕಾಣಿಸುತ್ತದೆ: "ಉಳಿದದ್ದು ಹೋಟೆಲಿನಲ್ಲಿ."

ಹೋಟೆಲು ಇರುವುದು ಘಾಜಿಯಾಬಾದಿನಲ್ಲಿ. ಭಾವ, ಎಂದರೆ ನನ್ನ ಅಕ್ಕನ ಗಂಡ, ಕುಂದಾಪುರದ ಕಡೆಯಿಂದ ಬಂದು ಇಲ್ಲಿ ಇಡ್ಲಿ, ದೋಸೆ ಮಾರುತ್ತ ತಲೆ ಬೆಳ್ಳಗೆ ಮಾಡಿಕೊಂಡವರು. ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಪಟ, ಪಟದ ಕೆಳಗೆ ಕನ್ನಡ ಪುಸ್ತಕಗಳ ಕಪಾಟು. ಮೊದಮೊದಲು ಇಡೀ ಪುಸ್ತಕವನ್ನೇ ಕೊಡುತ್ತಿದ್ದರು. ಹೋದದ್ದು ಒಂದೂ ವಾಪಸು ಬರುತ್ತಿರಲಿಲ್ಲ. ಆಮೇಲೆ ಶುರುವಾಯಿತು ಈ ಚಾಕುವಿನ ಕೆಲಸ. ಪುಸ್ತಕ ತಂದುಕೊಟ್ಟರೆ ಮಾತ್ರ ಕೊನೆಯ ಹಾಳೆಗಳು ಕೈಗೆ ಸಿಗುತ್ತವೆ. ಮೂಲೆಯ ಮೇಜಿನಲ್ಲಿ ಕೂತು ಅಲ್ಲೇ ಓದಿ ಕೊಡಬೇಕು. ಸುಮ್ಮನೆ ಕೂರಲಾಗುತ್ತದೆಯೇ? ಒಂದು ಕಾಫಿ ಬೇಕಾಗುತ್ತದೆ. ಕೊನೆ ದುಃಖದ್ದಾದರೆ ಇನ್ನೊಂದು!

"ಭಾವ, ಪುಸ್ತಕಕ್ಕೆ ಚಾಕು ಹಾಕ್ತೀರಲ್ಲ, ಪಾಪ ಬರುದಿಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಸರಸ್ವತಿ ನನ್ನನ್ನು ಕ್ಷಮಿಸ್ತಾಳೆ. ತಕೊಂಡು ಹೋಗಿ ಕೊಡದೇ ಇದ್ದವರ ಲೆಕ್ಕ ಅವಳು ಬೇರೆ ನೋಡಿಕೊಳ್ತಾಳೆ" ಎಂದರು.

ಯಾರಿಗೆ ಯಾವ ಪುಸ್ತಕ ಎನ್ನುವುದನ್ನು ಅವರು ತಿನ್ನುವ ಕ್ರಮ ನೋಡಿ ತೀರ್ಮಾನಿಸುತ್ತಾರೆ. ಮಸಾಲೆದೋಸೆಯ ಅಂಚನ್ನು ತಿನ್ನುತ್ತ ಪಲ್ಯವನ್ನು ಕೊನೆಗೆ ಉಳಿಸಿಕೊಳ್ಳುವವರಿಗೆ ಪತ್ತೇದಾರಿ ಕಾದಂಬರಿ. ಕೂತ ಕೂಡಲೇ ಪಲ್ಯಕ್ಕೆ ಕೈ ಹಾಕುವವರಿಗೆ ಕವನ ಸಂಕಲನ. ಮತ್ತೆ ಮತ್ತೆ ಸಾಂಬಾರು ಕೇಳುವವರಿಗೆ ಐತಿಹಾಸಿಕ ಕಾದಂಬರಿ, ಅದು ಬೇಗ ಮುಗಿಯುವುದಿಲ್ಲ! ದಿಲ್ಲಿಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಆತ್ಮಚರಿತ್ರೆಯ ಕೊನೆಯನ್ನು ಕೇಳಿಕೊಂಡು ಮೆಟ್ರೋದಲ್ಲಿ ಅಷ್ಟು ದೂರದಿಂದ ಬಂದಿದ್ದಳು. "ಅದರ ಕೊನೆ ನಾನೇ ಹೇಳ್ತೇನೆ. ಬರೆದವರು ಸತ್ತಿಲ್ಲ. ಸತ್ತಿದ್ರೆ ಬರೀತಿದ್ರಾ?" ಎಂದು ಭಾವ ಅವಳಿಗೆ ಕಾಫಿ ಕುಡಿಸಿ ಕಳಿಸಿದರು.

ನನ್ನನ್ನಾದರೂ ಬಿಟ್ಟರೇ? ನಾನು ನೋಯ್ಡಾದಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವಳು, ಅಡುಗೆಯಲ್ಲಿ ಅಷ್ಟಕ್ಕಷ್ಟೇ. ನನಗೆ ಸಿಕ್ಕಿದ್ದು ಅಡುಗೆ ಪುಸ್ತಕ. ಅದಕ್ಕೂ ಚಾಕು ಬಿದ್ದಿದೆ ಎಂದು ನನಗೇನು ಗೊತ್ತು! ಕೊನೆಯಲ್ಲಿದ್ದ ಕುಂಬಳಕಾಯಿ ಹಲ್ವಕ್ಕೆ ಕೈ ಹಾಕಿದೆ. "ಈಗ ಉರಿಯನ್ನು ಸಣ್ಣದು ಮಾಡಿ" ಎನ್ನುವಲ್ಲಿಗೆ ಪುಟ ಮುಗಿಯಿತು. ಉರಿ ಸಣ್ಣದು ಮಾಡಿ ಫೋನ್ ಮಾಡಿದೆ.

"ಭಾವ, ಮುಂದೆ ಎಂತ ಮಾಡುದು?"

"ಬಾ, ಪುಸ್ತಕ ತಾ. ಹಾಳೆ ಕೊಡ್ತೇನೆ."

ಆ ಹಲ್ವವನ್ನು ಆಮೇಲೆ ಬಾಣಲೆಯ ಸಮೇತ ಎಸೆಯಬೇಕಾಯಿತು.

ಸ್ಮಶಾನದಲ್ಲೂ ಅವರು ಈ ಚಾಳಿ ಬಿಟ್ಟವರಲ್ಲ. ಫರೀದಾಬಾದಿನ ಪರಿಚಯದವರೊಬ್ಬರ ಹೆಂಡತಿ ತೀರಿಕೊಂಡಾಗ ನಾವೆಲ್ಲ ಹೋಗಿದ್ದೆವು. ಚಿತೆ ಇನ್ನೂ ಸರಿಯಾಗಿ ಹೊತ್ತಿಕೊಂಡಿರಲಿಲ್ಲ. ಭಾವ ಆ ಮನುಷ್ಯನ ಪಕ್ಕಕ್ಕೆ ಹೋಗಿ ನಿಂತು, "ಒಂದು ಒಳ್ಳೆಯ ಪ್ರವಾಸಕಥನ ಉಂಟು, ಹಿಮಾಲಯದ್ದು. ಕೊಡಲಾ?" ಎಂದರು. ಅಕ್ಕ ನಾಚಿಕೆಯಿಂದ ಸೆರಗು ಮುಖಕ್ಕೆಳೆದುಕೊಂಡಳು. ನಾನಂತೂ ಇವರು ನನಗೆ ಯಾರೂ ಅಲ್ಲ ಎನ್ನುವಂತೆ ಅತ್ತ ತಿರುಗಿ ನಿಂತೆ. ಆದರೆ ಮನೆಯಿಂದ ಹೊರಗೇ ಬರಲೊಲ್ಲದ ಆ ಮನುಷ್ಯ ಕೆಲವು ವಾರಗಳ ಮೇಲೆ ಬಸ್ಸು ಹಿಡಿದು ಹಿಮಾಲಯದ ಕೊನೆ ಹುಡುಕಿಕೊಂಡು ಹೋಟೆಲಿಗೆ ಬಂದರು. ಓದಿದರು, ಅತ್ತರು, ಒಂದು ಊಟ ಮಾಡಿದರು. ಭಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಕತ್ತರಿಸಿದ ಹಾಳೆಗಳೆಲ್ಲ ಉಗ್ರಾಣದಲ್ಲಿ ಉದ್ದಿನಬೇಳೆಯ ಮೂಟೆಗಳ ಹಿಂದೆ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತಿದ್ದವು. ಓದಲು ಬಂದವರದು ಒಂದೇ ದೂರು: ಹಾಳೆಯ ತುಂಬ ಹಳದಿ ಕಲೆ. ಭಾವ ಅಡುಗೆಯ ಭಟ್ಟರನ್ನು ಕರೆದು, "ಅರಿಶಿನದ ಕೈಯಲ್ಲಿ ಪುಸ್ತಕ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳುದು?" ಎಂದು ರೇಗುತ್ತಿದ್ದರು. ಭಟ್ಟರು ದೇವರಾಣೆ ಹಾಕಿದರೂ ನಂಬುತ್ತಿರಲಿಲ್ಲ.

ಇಂಥವರ ಹೆಂಡತಿಗೆ ಪುಸ್ತಕವೆಂದರೆ ಆಗದು! ಅಡುಗೆಮನೆ, ಉಗ್ರಾಣ ಎರಡೂ ಅಕ್ಕನ ಕೈಯಲ್ಲಿದ್ದವು. ಅವಳು ಒಂದು ಪುಸ್ತಕವನ್ನು ಮೊದಲಿನಿಂದ ಓದಿದ್ದನ್ನು ನಾನು ಕಂಡಿಲ್ಲ. ಭಾವ ಏನಾದರೂ ಓದಿ ಹೇಳಲು ಹೋದರೆ, "ಕಥೆ ಇರಲಿ, ಅಕ್ಕಿ ನೆನೆಹಾಕಿದ್ರಾ ನೋಡಿ" ಎನ್ನುತ್ತಿದ್ದಳು.

ಹೋದ ವರ್ಷ ದೀಪಾವಳಿ ಕಳೆದು, ಎದುರಿನ ಕಟ್ಟಡವೂ ಕಾಣದಷ್ಟು ಹೊಗೆ ಕವಿದ ದಿನಗಳಲ್ಲಿ ಅಕ್ಕನಿಗೆ ಕೆಮ್ಮು ಹಿಡಿಯಿತು. ಇಲ್ಲಿ ಆ ಕಾಲದಲ್ಲಿ ಕೆಮ್ಮದವರು ಯಾರಿದ್ದಾರೆ? ನಾವೂ ಹಾಗೇ ಅಂದುಕೊಂಡೆವು. ಅದು ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು. ಜನ್ಮದಲ್ಲಿ ಒಗ್ಗರಣೆಯ ಹೊಗೆ ಬಿಟ್ಟರೆ ಬೇರೆ ಹೊಗೆ ಕುಡಿಯದವಳು! ದೇವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಔಷಧಿ ಹನಿಹನಿಯಾಗಿ ಇಳಿಯುವಾಗ ಆಸ್ಪತ್ರೆಯಲ್ಲಿ ಸುಮ್ಮನೆ ಒರಗಿರಬೇಕು. ಭಾವನಿಗೆ ಅದೇ ಬೇಕಾಗಿತ್ತು, ಕೇಳುವವರು ಎದ್ದು ಹೋಗುವಂತಿಲ್ಲ! ಚೀಲದ ತುಂಬ ಪುಸ್ತಕ ಹೊತ್ತು ತಂದರು. ದೆವ್ವದ ಕಥೆ ಓದಿದರೆ ಅಕ್ಕ, "ಆ ದೆವ್ವಕ್ಕೆ ಬೇರೆ ಕೆಲಸ ಇಲ್ವಂತಾ?" ಎಂದಳು. ಪ್ರವಾಸಕಥನಕ್ಕೆ, "ಅಷ್ಟು ದೂರ ಹೋದ, ಊಟ ಎಲ್ಲಿ ಮಾಡಿದ ಅಂತ ಬರೆದೇ ಇಲ್ಲ" ಎಂದಳು. ಕವನಕ್ಕೆ ನಿದ್ದೆ ಹೋದಳು. ಕೊನೆಗೆ ಬಂತು ಬಂದರಿನ ಕಂಟ್ರಾಕ್ಟರನ ಕೊಲೆಯ ಪತ್ತೇದಾರಿ ಕಾದಂಬರಿ.

"ಯಾರು ಕೊಂದದ್ದು?" ಎಂದು ಅಕ್ಕ ಮೊದಲ ಸಲ ಕೇಳಿದಳು.

ಭಾವನ ಮುಖ ಅರಳಿದ್ದನ್ನು ನೋಡಬೇಕಿತ್ತು. "ಅದು ನಾಳೆ" ಎಂದು ಪುಸ್ತಕ ಮುಚ್ಚಿದರು.

ಪಕ್ಕದ ಹಾಸಿಗೆಯಲ್ಲಿ ಹಾಪುಡದ ಕಡೆಯ ಒಬ್ಬ ಅಜ್ಜಿ ಇದ್ದರು. ಕನ್ನಡ ಬಾರದಿದ್ದರೂ ಕೊಲೆಯ ವಾಸನೆ ಹಿಡಿದಿದ್ದರು. ಭಾವ ಅವರಿಗಾಗಿ ತಮ್ಮ ಹರಕು ಹಿಂದಿಯಲ್ಲಿ ಸಾರಾಂಶ ಹೇಳತೊಡಗಿದರು. "ಭಯ್ಯಾ, ಕಾತಿಲ್ ಕೌನ್ ಹೈ?" ಎಂದು ಅಜ್ಜಿ ಕೊಲೆಗಾರನ ಹೆಸರು ಕೇಳಿದರೆ, "ಕಲ್ ಬತಾಯೇಂಗೆ, ಮಾತಾಜಿ!" ಎಂದು ಅವರಿಗೂ ನಾಳೆಯ ಮಾತೇ ಹೇಳುತ್ತಿದ್ದರು. ಇನ್ನೊಂದು ಸಲ ಹೋದಾಗ ಆ ಹಾಸಿಗೆಗೆ ಹೊಸ ಚಾದರ ಹಾಸಿದ್ದರು. ಕೊಲೆಗಾರ ಯಾರೆಂದು ತಿಳಿಯದೆ ಅಜ್ಜಿ ಹೋಗಿಬಿಟ್ಟಿದ್ದರು.

"ಪಾಪ, ಅವರಿಗಾದ್ರೂ ಹೇಳಬಹುದಿತ್ತು" ಎಂದಳು ಅಕ್ಕ.

"ಹೇಳಿದ್ರೆ ಇನ್ನೂ ಮೊದಲೇ ಹೋಗ್ತಿದ್ರು" ಎಂದರು ಭಾವ. ಓದಿ ಆಗಿದ್ದ ಪುಟಗಳನ್ನು ಮತ್ತೆ ಹಿಂದಕ್ಕೆ ತಿರುಗಿಸಿದರು. ಕಥೆ ಅರ್ಧಕ್ಕಿದ್ದರೆ ಮನುಷ್ಯ ಎದ್ದು ಹೋಗುವುದಿಲ್ಲ ಎಂದು ಅವರು ನಿಜವಾಗಿಯೂ ನಂಬಿದ್ದಾರೆಂದು ನನಗೆ ಆಗ ತಿಳಿಯಿತು. ಪಕ್ಕದಲ್ಲೇ ಖಾಲಿ ಹಾಸಿಗೆ ಇತ್ತು, ಆದರೂ ನಂಬಿದ್ದರು. ಅವತ್ತಿನಿಂದ ಕಾದಂಬರಿಯನ್ನು, ಮನೆಗೆ ಬಂದ ಮೇಲೂ, ಇನ್ನಷ್ಟು ನಿಧಾನ ಓದಿದರು. ಓದಿದ್ದನ್ನೇ ಮತ್ತೆ ಓದಿದರು. ಅಕ್ಕ ಪ್ರತಿ ಸಲವೂ ತಪ್ಪದೆ, "ಯಾರು ಕೊಂದದ್ದು, ಹೇಳಿ" ಎಂದು ಗೋಗರೆಯುತ್ತಿದ್ದಳು. ಭಾವ ಪ್ರತಿ ಸಲವೂ "ನಾಳೆ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಮನೆಯಲ್ಲಿ ಅವಳ ಕಾಲೊತ್ತುತ್ತ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. "ಅಕ್ಕ, ಆ ಡಬ್ಬಿಯಿಂದ ಹಾಳೆ ಕದ್ದು ತರ್ತೇನೆ. ನೀನು ಓದಿಬಿಡು" ಎಂದೆ.

ಅಕ್ಕ ನಕ್ಕಳು. ನಕ್ಕರೆ ಕೆಮ್ಮು ಬರುತ್ತಿತ್ತು, ಆದರೂ ನಕ್ಕಳು. "ನನ್ನ ಉಗ್ರಾಣದಲ್ಲಿ ನನಗೆ ಗೊತ್ತಿಲ್ಲದ ಡಬ್ಬಿ ಉಂಟಾ ಮಾರಾಯ್ತಿ? ಅದರಲ್ಲಿ ಇದ್ದದ್ದೆಲ್ಲ ಓದಿ ಆಗಿದೆ. ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಬೇಳೆ ಮೂಟೆಯ ಮೇಲೆ ಕೂತು ಒಂದೊಂದೇ ಓದುದು. ಕೊಂದದ್ದು ಡಾಕ್ಟರು. ಆಸ್ಪತ್ರೆಯಲ್ಲಿ ಕೂತು ಓದುವ ಪುಸ್ತಕವಾ ಅದು!"

ಅರ್ಧ ಜೀವಮಾನ ಇವಳು ಬರೀ ಕೊನೆಗಳನ್ನೇ ಓದಿಕೊಂಡು ಬಂದಿದ್ದಾಳೆ! "ಮತ್ತೆ ಅವರ ಹತ್ತಿರ ಯಾಕೆ ದಿನಾ ಕೇಳ್ತೀ?"

"ನಾನು ಕೇಳದಿದ್ರೆ ಅವರು ನಾಳೆಗೆ ಅಂತ ಎಂತ ಇಟ್ಟುಕೊಳ್ಳುದು?" ಎಂದಳು. ಹೊದಿಕೆ ಎಳೆದುಕೊಳ್ಳುತ್ತ, "ಈಗ ಹೇಳಬೇಡ. ಆಮೇಲೆ ಹೇಳು" ಎಂದಳು. ಯಾವುದರ ಆಮೇಲೆ ಎಂದು ನಾನು ಕೇಳಲಿಲ್ಲ.

ಚಳಿ ಕಳೆಯುವ ಮೊದಲೇ ಅಕ್ಕ ಹೋದಳು. ಹಿಂದಿನ ದಿನವೂ ಕೇಳಿದ್ದಳು, ಭಾವ ನಾಳೆ ಎಂದಿದ್ದರು.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಾನು ಹೋಟೆಲಿಗೆ ಹೋದೆ. ಬಾಗಿಲು ಅರ್ಧ ಎಳೆದಿತ್ತು. ಭಾವ ಮೂಲೆಯ ಮೇಜಿನಲ್ಲಿ ಡಬ್ಬಿ ಎದುರಿಗಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಗೋಂದು. ಕತ್ತರಿಸಿದ್ದನ್ನೆಲ್ಲ ವಾಪಸು ಅಂಟಿಸಲು ಹೊರಟಿದ್ದರು.

"ಎಷ್ಟು ಆಸೆಯಿಂದ ಕೇಳಿದಳು ಮಾರಾಯ್ತಿ. ಒಂದು ಮಾತು ಹೇಳಿದ್ರೆ ನನ್ನ ಗಂಟು ಹೋಗ್ತಿತ್ತಾ? ನಾನು ಅವಳಿಗೆ ಕೊನೆ ಕೊಡ್ಲಿಲ್ಲ" ಎಂದರು.

"ಕೊಂದದ್ದು ಡಾಕ್ಟರು" ಎಂದೆ.

ಭಾವ ತಲೆಯೆತ್ತಿದರು. "ನೀನು ಯಾವಾಗ ಓದಿದ್ದು?"

"ನಾನು ಓದಿಲ್ಲ. ಅಕ್ಕ ಹೇಳಿದ್ದು. ಡಬ್ಬಿಯಲ್ಲಿ ಇದ್ದದ್ದೆಲ್ಲ ಅವಳು ಯಾವಾಗಲೋ ಓದಿದ್ದಾಳೆ ಭಾವ. ನಿಮಗೆ ನಾಳೆ ಅಂತ ಒಂದು ಇರಲಿ ಅಂತ ದಿನಾ ಕೇಳ್ತಿದ್ದದ್ದು."

ಭಾವ ಡಬ್ಬಿಯಿಂದ ಒಂದು ಹಾಳೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಅರಿಶಿನದ ಒಂದು ಸಣ್ಣ ಹೆಬ್ಬೆರಳು ಮೂಡಿತ್ತು. ಇನ್ನೊಂದು ತೆಗೆದರು, ಅದರಲ್ಲೂ ಇತ್ತು. ಗೋಂದಿನ ಬಾಟಲಿಗೆ ಮುಚ್ಚಳ ಹಾಕಿ ದೂರ ಸರಿಸಿದರು. ಆ ಹಳದಿ ಗುರುತಿನ ಮೇಲೆ ತಮ್ಮ ಹೆಬ್ಬೆರಳಿಟ್ಟುಕೊಂಡು, ಕಣ್ಣು ತುಂಬಿಕೊಂಡು ಅಂದರು:

"ನಾನು ಸುಮ್ಮನೆ ಭಟ್ಟರಿಗೆ ಬೈದೆನಲ್ಲ ಮಾರಾಯ್ತಿ."