ಭಾವನ ಹೊಸ ಕ್ಯಾಸೆಟ್ಟು

ನಮ್ಮ ಭಾವನಿಗೆ ಸಂಗೀತದ ಹುಚ್ಚಿತ್ತು ಎಂದರೆ ನೀವು ನಂಬುತ್ತೀರಿ. ಆದರೆ ಅವರು ಕೇಳುತ್ತಿದ್ದುದು ಸಂಗೀತ ಎಂದರೆ ನಂಬಲಿಕ್ಕಿಲ್ಲ!

ಎಂಬತ್ತರ ದಶಕದ ಮಾತು. ನಾನು ಬಹ್ರೈನಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿ, ಅಕ್ಕ-ಭಾವನ ಮನೆಯಲ್ಲೇ ಇದ್ದೆ. ಭಾವನಿಗೆ ಮೀನಾ ಸಲ್ಮಾನ್ ಬಂದರಿನಲ್ಲಿ ಕ್ರೇನ್ ರಿಪೇರಿಯ ಕೆಲಸ. ಉಳಿದವರು ಹಡಗಿನವರಿಂದ ಸೆಂಟು, ವಾಚು ಸಂಪಾದಿಸಿದರೆ ಇವರು ಸಂಪಾದಿಸುತ್ತಿದ್ದುದು ಕ್ಯಾಸೆಟ್ಟು. ಯುರೋಪಿನ ಯಾವುದೋ ನೆಲಮಾಳಿಗೆಯಲ್ಲಿ ಯಾರೋ ಗಡ್ಡದವರು ರೆಕಾರ್ಡ್ ಮಾಡಿ ತಮ್ಮತಮ್ಮಲ್ಲೇ ಹಂಚಿಕೊಳ್ಳುವಂಥವು, ಅಂಗಡಿಯಲ್ಲಿ ಸಿಗುವುದಿಲ್ಲ. ಸಿಕ್ಕಿದರೂ ಯಾರು ಕೊಳ್ಳುತ್ತಾರೆ? ಒಬ್ಬ ಜರ್ಮನ್ ಹಡಗಿನ ಅಡಿಗೆಯವನು ಅವನ್ನು ತಂದುಕೊಡುತ್ತಿದ್ದ. ಬದಲಿಗೆ ಅಕ್ಕನ ಮಿಡಿ ಉಪ್ಪಿನಕಾಯಿ ಭರಣಿಗಟ್ಟಲೆ ಸಮುದ್ರ ದಾಟುತ್ತಿತ್ತು!

ಅದರಲ್ಲಿ ಹಾಡಿಲ್ಲ, ತಾಳವಿಲ್ಲ. ‘ಊಂ...’ ಎಂದು ಒಂದೇ ಸ್ವರ ಹಿಡಿದರೆ ಕ್ಯಾಸೆಟ್ಟಿನ ಬದಿ ಮುಗಿಯುವ ತನಕ ಬಿಡುವ ಮಾತಿಲ್ಲ. ಹೊಸತು ಬಂತೆಂದರೆ ಶುಕ್ರವಾರ ಮಧ್ಯಾಹ್ನ ನಮ್ಮಲ್ಲಿ ಬಿಡುಗಡೆ ಸಮಾರಂಭ. ಅಕ್ಕನ ಕೋಳಿಸುಕ್ಕದ ಆಸೆಗೆ ಜನ ಬರುತ್ತಿದ್ದರು. ಒಮ್ಮೆ ಏಸಿ ರಿಪೇರಿ ಮಾಡುವ ಕುಂದಾಪುರದವನೊಬ್ಬ ಸ್ವಲ್ಪ ಹೊತ್ತು ಕೇಳಿ, ಎದ್ದು ಹೋಗಿ ಗೋಡೆಯ ಏಸಿಗೆ ಕಿವಿ ಕೊಟ್ಟ.

“ಕಂಪ್ರೆಸರ್ ಹೋಗಿದೆ ಮಾರಾಯ್ರೆ. ನಾಳೆ ಬಂದು ಬಿಚ್ಚಿ ನೋಡ್ತೇನೆ.”

“ಅದು ಏಸಿ ಅಲ್ಲ, ಮ್ಯೂಸಿಕ್!” ಎಂದರು ಭಾವ.

“ಹೌದಾ? ಹಾಗಾದ್ರೆ ರಿಪೇರಿ ಆಗ್ಲಿಕ್ಕಿಲ್ಲ.”

ನಾನೂ ಒಮ್ಮೆ ಕೇಳಿದ್ದೆ, “ಎಂತ ಉಂಟು ಭಾವ ಇದರಲ್ಲಿ?”

“ಮುಂದೆ ಎಂತ ಬರ್ತದೆ ಅಂತ ಕಾಯ್ಬೇಡ ಮಾರಾಯ್ತಿ. ಈಗ ಇರುವುದನ್ನು ಕೇಳು.”

ಕೇಳಿದೆ. ಒಳ್ಳೆಯ ನಿದ್ದೆ ಬಂತು.

ಒಮ್ಮೆ ಅಲ್ಲೇ ಬುದಯ್ಯ ಎಂಬ ಊರಿನಲ್ಲಿ ಅಕ್ಕನ ಗೆಳತಿಯೊಬ್ಬಳ, ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ನರ್ಸಿನ, ನಿಶ್ಚಿತಾರ್ಥ. ಡಾನ್ಸಿಗೆ ಹಾಡು ಹಾಕಬೇಕಾದವನಿಗೆ ಜ್ವರ. “ನಾನಿದ್ದೇನಲ್ಲ!” ಎಂದು ಭಾವ ಹೊರಟೇಬಿಟ್ಟರು. ಅಕ್ಕ ತಡೆಯುವಷ್ಟರಲ್ಲಿ ಟೇಪು ತಿರುಗತೊಡಗಿತ್ತು. ಜೋಡಿಗಳು ಕೈಕೈ ಹಿಡಿದು, ಒಂದು ಕಾಲು ಮುಂದಿಟ್ಟು, ತಾಳ ಬರಲೆಂದು ನಿಂತವು. ತಾಳ ಎಲ್ಲಿಂದ ಬರಬೇಕು? ಕೊನೆಗೆ ಹುಡುಗಿಯ ಅಜ್ಜಿ ಭಾವನ ಬಳಿ ಬಂದು ಮಗನನ್ನು ಕರೆದಂತೆ ಮೆಲ್ಲಗೆ ವಿಚಾರಿಸಿದರು, “ಪುತಾ, ಮೆಷಿನ್ ಬಿಸಿಯಾಗ್ಲಿಕ್ಕೆ ಇನ್ನೂ ಎಷ್ಟು ಹೊತ್ತು ಬೇಕು?”

ಅಕ್ಕ ನಾಚಿಕೆಯಿಂದ ತಲೆಯೆತ್ತಲಿಲ್ಲ. ಭಾವ ಮಾತ್ರ ಹಿಗ್ಗಿ ಹೀರೇಕಾಯಿ! “ನೋಡಿದ್ಯಾ? ಒಬ್ಬರೂ ಅಲುಗಾಡ್ಲಿಲ್ಲ. ಎಂಥ ಏಕಾಗ್ರತೆ!”

ಆ ವರ್ಷವೇ ಊರಿನಲ್ಲಿ ಅಮ್ಮ ತೀರಿಕೊಂಡಳು. ಅಕ್ಕ ವಿಮಾನ ಹತ್ತಿದಳು. ಹೊಸದಾಗಿ ಸೇರಿದ ನನಗೆ ಆಫೀಸಿನವರು ರಜೆ ಕೊಡಲಿಲ್ಲ. ಪರಿಚಯದವರೆಲ್ಲ ಬಂದು, “ಧೈರ್ಯ ತಂದುಕೋ, ಎಲ್ಲ ದೇವರ ಇಚ್ಛೆ” ಎಂದು ಹೇಳಿ ಹೋದರು. ನನಗೆ ಅಳುವೇ ಬರಲಿಲ್ಲ. ಎಲ್ಲರೂ ಹೋದ ಮೇಲೆ ಭಾವ ಟೇಪ್ ರೆಕಾರ್ಡರಿನ ಬಳಿ ಹೋದರು. ಇವತ್ತೂ ಬಿಡುವುದಿಲ್ಲವಲ್ಲ ಈ ಮನುಷ್ಯ ಎಂದುಕೊಂಡೆ. ಅವರು ಅದರ ವಯರು ಕಿತ್ತಿಟ್ಟು, ಬಂದು ನನ್ನೆದುರು ನೆಲದ ಮೇಲೆ ಕೂತರು.

“ಅಮ್ಮನ ಬಗ್ಗೆ ಹೇಳು.”

“ನಿಮಗೆ ಗೊತ್ತಿಲ್ವಾ ಭಾವ?”

“ನನಗೆ ಅತ್ತೆ ಗೊತ್ತು. ನಿನ್ನ ಅಮ್ಮ ಗೊತ್ತಿಲ್ಲ.”

ಹೇಳಿದೆ. ಅವಳು ಎಣ್ಣೆ ಹಚ್ಚಿ ತಲೆ ನೋಯುವಷ್ಟು ಬಿಗಿಯಾಗಿ ಜಡೆ ಹಾಕುತ್ತಿದ್ದುದನ್ನು, ಬೈದ ಮೇಲೆ ತಾನೇ ಬಂದು ಮಾತಾಡಿಸುತ್ತಿದ್ದುದನ್ನು. ಹೇಳಿದ್ದನ್ನೇ ಮತ್ತೆ ಹೇಳಿದೆ. ಭಾವ ಗಡಿಯಾರ ನೋಡಲಿಲ್ಲ, ಸಮಾಧಾನ ಹೇಳಲಿಲ್ಲ, ‘ಆಗಲೇ ಹೇಳಿದೆಯಲ್ಲ’ ಎನ್ನಲಿಲ್ಲ. ಸಂಜೆಯ ಬಾಂಗು ಕೇಳುವ ಹೊತ್ತಿಗೆ ನನಗೆ ಅಳು ಬಂತು. ಅಳು ನಿಲ್ಲುವ ತನಕ ಅವರು ಕೂತೇ ಇದ್ದರು. ಆಮೇಲೆ ಎದ್ದು ಚಾ ಮಾಡಿ ತಂದು, ನನ್ನ ಕೈಗಿತ್ತು, ಮತ್ತೆ ಅಲ್ಲೇ ಕೂತು ಕೇಳಿದರು:

“ಮತ್ತೆ?”